ಪೊಲೀಸೂ ಇಲ್ಲ, ಜಮೀನೂ ಇಲ್ಲ: ದೆಹಲಿ ವಿಧಾನಸಭೆಯಲ್ಲೊಂದು ದಿನ

ದೆಹಲಿಗೆ ಬರುವ ನೆಂಟರಿಗೆ ಕೆಂಪುಕೋಟೆ, ಕುತುಬ್ ಮಿನಾರ್ ತೋರಿಸಿದರೆ ಸಾಕು. ಧಾರವಾಡದಲ್ಲಿ ಲಾ ಓದುತ್ತಿರುವ ಅಕ್ಕನ ಮಗ ಮಾತ್ರ ಅಸೆಂಬ್ಲಿ ನೋಡಲೇಬೇಕು ಅಂತ ಹಟ ಹಿಡಿದ. ಪಾರ್ಲಿಮೆಂಟ್ ಅಲ್ಲ, ದೆಹಲಿಯ ವಿಧಾನಸಭೆ! ಇಷ್ಟು ವರ್ಷ ಇಲ್ಲೇ ಇದ್ದರೂ ನಾನೂ ಅದರೊಳಗೆ ಕಾಲಿಟ್ಟಿರಲಿಲ್ಲ. ಮಳೆಗಾಲದ ಅಧಿವೇಶನ ನಡೆದಿತ್ತು. ನಮ್ಮ ಕ್ಷೇತ್ರದ ಶಾಸಕರ ಆಫೀಸಿನಿಂದ ಚೀಟಿ ಬರೆಸಿಕೊಂಡು ಪಾಸ್ ಮಾಡಿಸಿದೆ.

ಮೆಟ್ರೋದ ಯೆಲ್ಲೋ ಲೈನಿನಲ್ಲಿ ವಿಧಾನಸಭಾ ಅಂತಲೇ ಒಂದು ಸ್ಟೇಷನ್ ಇದೆ. ಹಳಬರು ಈ ಬಿಳಿ ಕಟ್ಟಡವನ್ನು ಈಗಲೂ ಓಲ್ಡ್ ಸೆಕ್ರೆಟೇರಿಯಟ್ ಅಂತಲೇ ಕರೆಯುತ್ತಾರೆ. ವಿಧಾನಸೌಧ ನೋಡಿದ ಕಣ್ಣಿಗೆ ಇದು ಅಷ್ಟೇನೂ ದೊಡ್ಡದಲ್ಲ, ಆದರೆ ವಯಸ್ಸು ಜಾಸ್ತಿ. ಬ್ರಿಟಿಷರು ಕಲ್ಕತ್ತೆಯಿಂದ ರಾಜಧಾನಿ ಎತ್ತಿಕೊಂಡು ಬಂದಾಗ, ಈಗ ರಾಷ್ಟ್ರಪತಿ ಭವನ ಇರುವ ರೈಸಿನಾ ಗುಡ್ಡದ ಮೇಲೆ ಏನೂ ಇರಲಿಲ್ಲ. ಸದ್ಯಕ್ಕೆ ಇರಲಿ ಅಂತ 1912ರಲ್ಲಿ ಇದನ್ನು ಕಟ್ಟಿದರು. 1927ರಲ್ಲಿ ಸಂಸತ್ ಭವನ ಶುರುವಾಗುವವರೆಗೆ ದೇಶದ ಶಾಸನಸಭೆ ದೆಹಲಿಯಲ್ಲಿ ಸೇರುತ್ತಿದ್ದದ್ದು ಇಲ್ಲೇ. ಬೇಸಿಗೆ ಬಂತೆಂದರೆ ಎಲ್ಲರೂ ಶಿಮ್ಲಾಕ್ಕೆ! 1919ರ ರೌಲಟ್ ಕಾಯ್ದೆಗೆ ಒಪ್ಪಿಗೆ ಸಿಕ್ಕಿದ ಜಾಗ ಇದು. 1925ರಲ್ಲಿ ಆ ಸಭೆಯ ಅಧ್ಯಕ್ಷರಾಗಿ ಆಯ್ಕೆಯಾದ ವಿಠ್ಠಲಭಾಯಿ ಪಟೇಲರು ಆ ಕುರ್ಚಿಯ ಮೇಲೆ ಕೂತ ಮೊದಲ ಭಾರತೀಯ.

ಇಲ್ಲಿನ ಒಂದು ಕೋಣೆಯ ಜಗಳವಂತೂ ಮಜವಾಗಿದೆ. 2022ರಲ್ಲಿ ಆಗಿನ ಸರ್ಕಾರ ಅದನ್ನು ಬ್ರಿಟಿಷರ ಕಾಲದ ‘ಫಾಂಸಿ ಘರ್’, ಅಂದರೆ ನೇಣುಮನೆ, ಅಂತ ಉದ್ಘಾಟನೆ ಮಾಡಿತು. 2025ರಲ್ಲಿ ಹೊಸ ಸ್ಪೀಕರ್ ವಿಜೇಂದರ್ ಗುಪ್ತಾ ಹಳೇ ನಕ್ಷೆ ಮುಂದಿಟ್ಟು, ಇದು ನೇಣುಮನೆ ಅಲ್ಲ, ಟಿಫಿನ್ ರೂಮ್ ಅಂದರು. ಸದನದಲ್ಲಿ ಇದೇ ದೊಡ್ಡ ಗದ್ದಲ ಆಯಿತು. ನಮ್ಮ ಹುಡುಗನಿಗೆ ಇದನ್ನು ಹೇಳಿದರೆ ಬಿದ್ದು ಬಿದ್ದು ನಕ್ಕ.

ಗೇಟಿನಲ್ಲಿ ಫೋನು, ಬ್ಯಾಗು, ಛತ್ರಿ ಎಲ್ಲ ತೆಗೆದಿಟ್ಟುಕೊಂಡರು. ಗ್ಯಾಲರಿಯಲ್ಲಿ ಹುಡುಗ ಆರಾಮಾಗಿ ಕಾಲ ಮೇಲೆ ಕಾಲು ಹಾಕಿ ಕೂತ. ಹಿಂದಿನಿಂದ ಮಾರ್ಷಲ್ ಸದ್ದಿಲ್ಲದೆ ಬಂದು ಅವನ ಮಂಡಿಗೆ ಎರಡು ಬೆರಳು ತಾಗಿಸಿ, ಕೆಳಗಿಡು ಅಂತ ಸನ್ನೆ ಮಾಡಿದರು. ಕೆಳಗೆ ಶಾಸಕರೊಬ್ಬರು ಸಹೋದ್ಯೋಗಿಯ ಹೆಗಲ ಮೇಲೆ ಕೈ ಹಾಕಿಕೊಂಡು ಹರಟುತ್ತಿದ್ದರು. ಅವರಿಗೆ ಯಾರೂ ಸನ್ನೆ ಮಾಡಲಿಲ್ಲ.

ಒಟ್ಟು 70 ಸದಸ್ಯರು. ನಮ್ಮಲ್ಲಿಯ ಹಾಗೆ ಮೇಲ್ಮನೆ ಇಲ್ಲ. ಮಂತ್ರಿಗಳ ಸಂಖ್ಯೆ ಸದಸ್ಯರ ಶೇ. 10 ದಾಟುವಂತಿಲ್ಲ, ಹಾಗಾಗಿ ಮುಖ್ಯಮಂತ್ರಿಯೂ ಸೇರಿ ಏಳೇ ಜನ. ನೀರು, ಶಾಲೆ, ಆಸ್ಪತ್ರೆಯ ಮಾತು ಬಂದಾಗ ಮಂತ್ರಿಗಳು ಫೈಲು ತಿರುವಿ ಉತ್ತರ ಕೊಡುತ್ತಿದ್ದರು. ಒಬ್ಬ ಸದಸ್ಯೆ ಎದ್ದು, ರಾತ್ರಿ ಹೊತ್ತು ತಮ್ಮ ಕ್ಷೇತ್ರದಲ್ಲಿ ಗಸ್ತು ಇಲ್ಲ ಅಂತ ದನಿ ಏರಿಸಿದರು. ಆಗ ಎಲ್ಲರೂ ಅವರವರ ಪಕ್ಷಕ್ಕೆ ತಕ್ಕಂತೆ ಕೂಗಾಡಿದರು. ಉತ್ತರ ಮಾತ್ರ ಯಾರ ಹತ್ತಿರವೂ ಇರಲಿಲ್ಲ.

ಹುಡುಗ ಪಿಸುಗುಟ್ಟಿದ: “ಸಂವಿಧಾನದ 239ಎಎ ವಿಧಿ ಮಾಮಾ. ಪೊಲೀಸು, ಕಾನೂನು ಸುವ್ಯವಸ್ಥೆ, ಜಮೀನು ಮೂರೂ ಕೇಂದ್ರದ ಕೈಯಾಗ. ಓದುವಾಗ ಇಷ್ಟು ವಿಚಿತ್ರ ಅನಿಸಿರಲಿಲ್ಲ ನೋಡ್ರಿ.”

ಹೊರಗೆ ಬಂದು ಚಹಾ ಕುಡಿಯುತ್ತಾ ಅವನಿಗೆ ಹಳೇ ಕತೆ ಹೇಳಿದೆ. 1952ರಲ್ಲಿ ದೆಹಲಿಗೆ 48 ಸದಸ್ಯರ ವಿಧಾನಸಭೆ ಬಂತು. ಮೊದಲ ಮುಖ್ಯಮಂತ್ರಿ ಚೌಧರಿ ಬ್ರಹ್ಮ ಪ್ರಕಾಶ್ ಅವರಿಗೆ ಆಗ 33 ವರ್ಷ. ರಾಜ್ಯಗಳ ಪುನರ್ವಿಂಗಡಣೆ ಆದಾಗ, ರಾಜಧಾನಿ ಕೇಂದ್ರದ ಕೈಯಲ್ಲೇ ಇರಬೇಕು ಅಂತ ಈ ಸಭೆಯನ್ನೇ ತೆಗೆದುಹಾಕಿದರು. ಯಾವತ್ತು ಗೊತ್ತಾ? 1956ರ ನವೆಂಬರ್ 1. ಕನ್ನಡ ನಾಡು ಒಂದಾದ ದಿನ! ಪ್ರತಿ ವರ್ಷ ನಾವು ಇಲ್ಲಿ ಬಾವುಟ ಹಾರಿಸಿ ಹೋಳಿಗೆ ಊಟ ಮಾಡುವ ದಿನವೇ ಈ ಊರಿನವರು ತಮ್ಮ ವಿಧಾನಸಭೆ ಕಳೆದುಕೊಂಡದ್ದು. ನನ್ನ ದಿಲ್ಲಿ ಗೆಳೆಯರಲ್ಲಿ ಇದನ್ನು ನೆನೆಯುವವರು ಒಬ್ಬರೂ ಇಲ್ಲ.

ಆಮೇಲೆ 1966ರ ಕಾಯ್ದೆಯಲ್ಲಿ ಮೆಟ್ರೋಪಾಲಿಟನ್ ಕೌನ್ಸಿಲ್ ಅಂತ ಒಂದು ಮಾಡಿದರು. 56 ಜನ ಆಯ್ಕೆಯಾಗಿ ಬಂದವರು, 5 ಜನ ನಾಮನಿರ್ದೇಶನಗೊಂಡವರು. ಸಲಹೆ ಕೊಡಬಹುದು, ಕಾನೂನು ಮಾಡುವಂತಿಲ್ಲ. 1991ರ ಸಂವಿಧಾನ ತಿದ್ದುಪಡಿಯ ನಂತರ, 1993ರ ಚುನಾವಣೆಯಲ್ಲಿ, ಈಗಿನ ಸಭೆ ಬಂತು. ಮದನ್ ಲಾಲ್ ಖುರಾನಾ ಮುಖ್ಯಮಂತ್ರಿಯಾದರು.

“ಅಂದ್ರ ಮನಿ ಸೊಸಿದು, ಕೀಲಿಕೈ ಅತ್ತಿದು,” ಅಂದ ಹುಡುಗ.

ಕೇಂದ್ರದ ಪ್ರತಿನಿಧಿಯಾದ ಲೆಫ್ಟಿನೆಂಟ್ ಗವರ್ನರ್ ಮತ್ತು ದೆಹಲಿ ಸರ್ಕಾರದ ಜಗಳ ಸುಪ್ರೀಂ ಕೋರ್ಟಿಗೆ ಹೋಗಿ, 2018ರಲ್ಲೂ 2023ರ ಮೇ ತಿಂಗಳಲ್ಲೂ ತೀರ್ಪು ದೆಹಲಿ ಸರ್ಕಾರದ ಕಡೆಗೇ ವಾಲಿತು. ಆದರೆ ಎರಡನೇ ತೀರ್ಪು ಬಂದ ಎಂಟೇ ದಿನಕ್ಕೆ ಕೇಂದ್ರ ಸುಗ್ರೀವಾಜ್ಞೆ ತಂದಿತು, ಆಗಸ್ಟಿನಲ್ಲಿ ಅದೇ ಕಾಯ್ದೆಯಾಯಿತು. ಅಧಿಕಾರಿಗಳ ವರ್ಗಾವಣೆಯಲ್ಲಿ ಕೊನೆಯ ಮಾತು ಮತ್ತೆ ಲೆಫ್ಟಿನೆಂಟ್ ಗವರ್ನರದ್ದೇ.

ಪೂರ್ತಿ ರಾಜ್ಯ ಮಾಡಬೇಕು ಅಂತ ಹುಡುಗನ ವಾದ. ನನಗೆ ಅದು ಅಷ್ಟು ಸುಲಭ ಅನಿಸುವುದಿಲ್ಲ. ಪಾರ್ಲಿಮೆಂಟು, ರಾಯಭಾರ ಕಚೇರಿಗಳಿರುವ ಕಡೆ ಪೊಲೀಸರು ಕೇಂದ್ರದವರೇ ಇರಲಿ. ಆದರೆ ಊರಂಚಿನ ನರೇಲಾದ ಠಾಣೆ ಯಾಕೆ? ಒಂದು ಸ್ಕೂಲ್ ಕಟ್ಟೋಕೂ ಜಾಗಕ್ಕಾಗಿ ಕೇಂದ್ರದ ಕೈಕೆಳಗಿನ ಡಿಡಿಎ, ಅಂದರೆ ದೆಹಲಿ ಅಭಿವೃದ್ಧಿ ಪ್ರಾಧಿಕಾರವನ್ನೇ ಕೇಳಬೇಕು ಅಂದರೆ ಹೇಗೆ?

ವಾದ ಮಾಡುತ್ತಲೇ ಮನೆ ಮುಟ್ಟಿದೆವು. ಮಳೆ ಬಂದು ನಮ್ಮ ಬೀದಿಯ ಚರಂಡಿ ತುಂಬಿ ಹರಿಯುತ್ತಿತ್ತು. “ಇದು ಯಾರ ಕೈಯಾಗ ಬರತೈತಿ ಮಾಮಾ?” ಅಂತ ಕೇಳಿದ. ಒಂದು ಆಫೀಸಿನವರು ಇನ್ನೊಂದು ಆಫೀಸು ತೋರಿಸುತ್ತಾರೆ, ಅವರು ಮೂರನೆಯದನ್ನು ತೋರಿಸುತ್ತಾರೆ ಅಂದೆ. ಪ್ಯಾಂಟ್ ಮಡಚಿಕೊಂಡು ಇಟ್ಟಿಗೆಗಳ ಮೇಲೆ ಕಾಲಿಟ್ಟು ದಾಟಿದ.