ಸೈಕಲ್ ಪ್ರವಾಸಕ್ಕೆ ಟೆಂಟ್: ಎರಡನೇ ದಿನದ ತೂಕ ನೋಡಿ ಕೊಳ್ಳಿ

ಟೆಂಟ್ ಕೊಳ್ಳಲು ಹೊರಟವರು ಮೊದಲು ನೋಡುವುದು ಚೀಟಿಯ ಮೇಲಿನ ತೂಕ. 1.1 ಕೆ.ಜಿ., 1.4 ಕೆ.ಜಿ., 1.9 ಕೆ.ಜಿ. ಎಂದು ಸಾಲಾಗಿ ಬರೆದುಕೊಂಡು, ಯಾವುದು ಕಡಿಮೆಯೋ ಅದಕ್ಕೆ ದುಡ್ಡು ಕಟ್ಟಿಬಿಡುತ್ತಾರೆ. ಕೊಡಗಿನಲ್ಲಿ ಸೈಕಲ್ ತುಳಿಯುವವರಿಗೆ ಈ ಲೆಕ್ಕ ಅರ್ಧಕ್ಕೇ ನಿಲ್ಲುತ್ತದೆ. ಚೀಟಿಯಲ್ಲಿರುವುದು ಒಣ ಟೆಂಟಿನ ತೂಕ. ನಮ್ಮ ಕಡೆ ಒಣ ಟೆಂಟ್ ಹೊರುವ ಭಾಗ್ಯ ಮೊದಲ ದಿನಕ್ಕೆ ಮಾತ್ರ. ಮಳೆಗಾಲದ ಮಾತು ಬಿಡಿ, ಡಿಸೆಂಬರಿನಲ್ಲಿ ಆಕಾಶ ತಿಳಿಯಾಗಿದ್ದರೂ ಬೆಳಗ್ಗೆ ಟೆಂಟಿನ ಹೊರ ಹೊದಿಕೆ ಇಬ್ಬನಿಯಲ್ಲಿ ತೊಯ್ದಿರುತ್ತದೆ. ಬಿಸಿಲು ಗುಡ್ಡ ದಾಟಿ ಗದ್ದೆಗೆ ಇಳಿಯುವಷ್ಟರಲ್ಲಿ ಒಂಬತ್ತಾಗುತ್ತದೆ. ಅದಕ್ಕೂ ಮುಂಚೆ ಹೊರಡುವವರು ಒದ್ದೆ ಬಟ್ಟೆಯನ್ನೇ ಮಡಚಿ ಕಟ್ಟಬೇಕು. 1.2 ಕೆ.ಜಿ.ಯ ಟೆಂಟಿಗೆ 300ರಿಂದ 500 ಗ್ರಾಂ ನೀರು ಸೇರುವುದು ದೊಡ್ಡ ವಿಷಯವೇ ಅಲ್ಲ. ಅಂಗಡಿಯಲ್ಲಿ 200 ಗ್ರಾಂ ಕಡಿಮೆ ಮಾಡಲು ಕೊಟ್ಟ ಹಣವೆಲ್ಲ ಆ ಬೆಳಗ್ಗೆಯೇ ನೀರಿನಲ್ಲಿ ಹೋಯಿತು.

ಆದ್ದರಿಂದ ಕೇಳಬೇಕಾದ ಪ್ರಶ್ನೆ ಬೇರೆ: ಒದ್ದೆಯಾದ ಮೇಲೆ ಇದು ಎಷ್ಟು ತೂಗುತ್ತದೆ, ಎಷ್ಟು ಬೇಗ ಒಣಗುತ್ತದೆ, ಮಳೆ ಸುರಿಯುವಾಗಲೇ ನಿಲ್ಲಿಸಬಹುದೇ?

ಬಟ್ಟೆಯಿಂದ ಶುರು ಮಾಡೋಣ. ಹಗುರ ಟೆಂಟುಗಳ ಹೊರ ಹೊದಿಕೆ ಸಾಮಾನ್ಯವಾಗಿ ನೈಲಾನ್ ಇಲ್ಲವೇ ಪಾಲಿಯೆಸ್ಟರ್, ದಪ್ಪ 15ರಿಂದ 20 ಡೀನಿಯರ್ (ನೂಲಿನ ದಪ್ಪದ ಅಳತೆ). ಹರಿದುಹೋಗದಂತೆ ತಡೆಯುವುದರಲ್ಲಿ ನೈಲಾನ್ ಗಟ್ಟಿ, ಆದರೆ ನೀರು ಹೀರುತ್ತದೆ, ಹೀರಿದ ಮೇಲೆ ಹಿಗ್ಗುತ್ತದೆ. ಸಂಜೆ ಬಿಗಿಯಾಗಿ ಕಟ್ಟಿದ ಹೊದಿಕೆ ರಾತ್ರಿ ಹನ್ನೊಂದಕ್ಕೆ ಜೋತು ಬಿದ್ದು ಒಳಗಿನ ಜಾಲರಿಗೆ ತಾಗುತ್ತದೆ. ತಾಗಿದಲ್ಲೆಲ್ಲ ತೇವ ಒಳಕ್ಕೆ ಇಳಿಯುತ್ತದೆ. ಜನ ಅದನ್ನೇ ‘ಟೆಂಟ್ ಸೋರುತ್ತಿದೆ’ ಎಂದು ತಿಳಿದು ಅಂಗಡಿಯವರ ಜೊತೆ ಜಗಳಕ್ಕೆ ಹೋಗುತ್ತಾರೆ. ಪಾಲಿಯೆಸ್ಟರ್ ಅಷ್ಟಾಗಿ ನೀರು ಹೀರುವುದಿಲ್ಲ, ಹಿಗ್ಗುವುದೂ ಕಡಿಮೆ, ಬಿಸಿಲಿಗೆ ನೈಲಾನ್‌ಗಿಂತ ಚೆನ್ನಾಗಿ ತಡೆಯುತ್ತದೆ. ಎರಡೂ ಬದಿಗೆ ಸಿಲಿಕೋನ್ ಲೇಪಿಸಿದ ಪಾಲಿಯೆಸ್ಟರ್ ಹೊದಿಕೆಯನ್ನು ನಾಲ್ಕು ಬಾರಿ ಜೋರಾಗಿ ಕೊಡವಿದರೆ ಮುಕ್ಕಾಲು ನೀರು ಹಾರಿಹೋಗುತ್ತದೆ. ಮಧ್ಯಾಹ್ನ ಟೀ ಕುಡಿಯಲು ನಿಂತಾಗ ಮೋರಿ ಕಟ್ಟೆಯ ಮೇಲೆ ಇಪ್ಪತ್ತು ನಿಮಿಷ ಹರಡಿದರೆ ಉಳಿದದ್ದೂ ಒಣಗುತ್ತದೆ. ನೂರು ಗ್ರಾಂ ಹೆಚ್ಚಾದರೂ ಕೊಡಗಿಗೆ ಪಾಲಿಯೆಸ್ಟರೇ ವಾಸಿ. ಡೈನೀಮಾ ಕಾಂಪೊಸಿಟ್ ಬಟ್ಟೆ ನೀರನ್ನೇ ಹೀರುವುದಿಲ್ಲ, ತೂಕವೂ ತೀರಾ ಕಡಿಮೆ. ಬೆಲೆ ಮಾತ್ರ ಒಳ್ಳೆಯ ಸೈಕಲ್ಲಿನಷ್ಟು. ಅದು ಬೇಕಾದವರಿಗೆ ಈ ಬರಹ ಬೇಕಾಗಲಿಕ್ಕಿಲ್ಲ.

ನೀರು ಒಳಬರದಂತೆ ಬಳಿಯುವ ಪಾಲಿಯುರೆಥೇನ್ ಲೇಪನದ ಬಗ್ಗೆ ಒಂದು ಎಚ್ಚರಿಕೆ. ಅಗ್ಗದ ಟೆಂಟುಗಳ ಒಳಮೈಗೆ ಇದೇ ಇರುತ್ತದೆ, ಎಷ್ಟೋ ದುಬಾರಿ ಟೆಂಟುಗಳ ನೆಲಕ್ಕೂ ಇದೇ. ತೇವದಲ್ಲಿ ಮಡಚಿಟ್ಟರೆ ಲೇಪನ ನಿಧಾನವಾಗಿ ಕೊಳೆತು ಅಂಟಂಟಾಗುತ್ತದೆ, ಹುಳಿ ವಾಂತಿಯಂಥ ವಾಸನೆ ಬರುತ್ತದೆ. ಆ ಹಂತಕ್ಕೆ ಬಂದದ್ದನ್ನು ತೊಳೆದು ಸರಿಮಾಡಲು ಆಗುವುದಿಲ್ಲ. ಬೀರುವಿನಲ್ಲಿಟ್ಟ ಚರ್ಮದ ಬೆಲ್ಟಿಗೂ ಜುಲೈನಲ್ಲಿ ಬೂಷ್ಟು ಹಿಡಿಯುವ ಊರು ನಮ್ಮದು. ಹಳೆ ಟೆಂಟ್ ಕೊಳ್ಳುವವರು ಮೊದಲು ಮೂಸಿ ನೋಡಿ, ಆಮೇಲೆ ನೆಲದ ಬಟ್ಟೆಯನ್ನು ಬೆರಳಿನಿಂದ ಉಜ್ಜಿ ನೋಡಿ.

ನೀರು ತಡೆಯುವ ಶಕ್ತಿಯನ್ನು ಮಿಲಿಮೀಟರ್‌ನಲ್ಲಿ ಬರೆದಿರುತ್ತಾರೆ, ಅಂದರೆ ಎಷ್ಟು ಎತ್ತರದ ನೀರಿನ ಒತ್ತಡವನ್ನು ಬಟ್ಟೆ ಸೋರದೆ ತಡೆಯುತ್ತದೆ ಎಂದು. ಹೊರ ಹೊದಿಕೆಗೆ 1500, ನೆಲಕ್ಕೆ 3000 ಇದ್ದರೆ ಸಾಕು. ನೆಲಕ್ಕೆ ಹೆಚ್ಚು ಬೇಕಾಗುವುದು ಮಳೆಯ ದೆಸೆಯಿಂದಲ್ಲ. ಒದ್ದೆ ನೆಲದ ಮೇಲೆ ಮಂಡಿಯೂರಿದಾಗ ಆ ಒಂದೇ ಜಾಗದ ಮೇಲೆ ಬೀಳುವ ಒತ್ತಡದಿಂದ.

ಇನ್ನು ನಿಲ್ಲಿಸುವ ಕ್ರಮ. ಮಾರುಕಟ್ಟೆಯಲ್ಲಿರುವ ಹೆಚ್ಚಿನ ಹಗುರ ಟೆಂಟುಗಳಲ್ಲಿ ಮೊದಲು ಜಾಲರಿಯ ಒಳಟೆಂಟ್ ಎಬ್ಬಿಸಿ, ಅದರ ಮೇಲೆ ಹೊದಿಕೆ ಹಾಕಬೇಕು. ನೇಚರ್‌ಹೈಕ್ ಕ್ಲೌಡ್ ಅಪ್ ಕೂಡ ಹೀಗೆಯೇ. ಒಣ ಸೀಮೆಗೆ ಇದರಿಂದ ತೊಂದರೆ ಇಲ್ಲ. ಭಾಗಮಂಡಲದ ಕಡೆ, ವರ್ಷಕ್ಕೆ 5000 ಮಿ.ಮೀ. ದಾಟಿ ಮಳೆ ಸುರಿಯುವಲ್ಲಿ, ಒಳಟೆಂಟಿನ ಜಾಲರಿ ಬಾಯಿ ತೆರೆದುಕೊಂಡಿರುವ ಆ ಮೂರು ನಿಮಿಷದಲ್ಲೇ ನೆಲದ ಮೇಲೆ ನೀರು ನಿಲ್ಲುತ್ತದೆ. ಹೊದಿಕೆಯನ್ನೇ ಮೊದಲು ನಿಲ್ಲಿಸಿ, ಅದರ ಕೆಳಗೆ ಒಳಟೆಂಟ್ ತೂಗುಹಾಕುವ ಮಾದರಿಗಳೂ ಇವೆ. ಹಿಲ್ಲೆಬರ್ಗ್ ಕಂಪನಿಯಂಥವರ ಟೆಂಟುಗಳಲ್ಲಿ ಎರಡೂ ಒಟ್ಟಿಗೇ ಏಳುತ್ತವೆ. ಕೊಂಡದ್ದು ಒಳಟೆಂಟ್ ಮೊದಲಿನದೇ ಆಗಿದ್ದರೂ ದಾರಿ ಇದೆ. ಟೆಂಟಿನ ಕೆಳಗೆ ಹಾಸುವ ನೆಲಹಾಸು, ಟೆಂಟನ್ನು ಎತ್ತಿ ಹಿಡಿಯುವ ಕಡ್ಡಿ ಮತ್ತು ಹೊದಿಕೆ, ಈ ಮೂರರಿಂದಲೇ ಚೌಕಟ್ಟು ನಿಲ್ಲುತ್ತದೆಯೇ ಎಂದು ಅಂಗಡಿಯಲ್ಲೇ ಮಾಡಿ ನೋಡಿ. ನಿಂತರೆ, ಮಳೆಯಲ್ಲಿ ಅದನ್ನು ಮೊದಲು ಎಬ್ಬಿಸಿ, ಒಳಗೆ ಕುಳಿತು ಒಳಟೆಂಟಿನ ಕೊಕ್ಕೆಗಳನ್ನು ಸಿಕ್ಕಿಸಬಹುದು. ಬೆರಳು ಮರಗಟ್ಟಿದಾಗ ತುಸು ಕಷ್ಟ, ಆದರೆ ಆಗುತ್ತದೆ.

ಬೆಳಗ್ಗೆ ಬಿಚ್ಚುವಾಗ ಇದೇ ಕ್ರಮ ಹಿಂದುಮುಂದು. ಹೊದಿಕೆ ನಿಂತಿರುವಾಗಲೇ ಒಳಟೆಂಟ್ ಕಳಚಿ, ಒಣಗಿದ್ದಂತೆಯೇ ಸುತ್ತಿ, ನೀರು ಒಳಹೋಗದ ಡ್ರೈಬ್ಯಾಗಿಗೆ ಹಾಕಿ. ಆಮೇಲೆ ಹೊದಿಕೆಯನ್ನು ಇಬ್ಬರು ಎರಡು ತುದಿ ಹಿಡಿದು ಕೊಡವಿ, ಬೇರೆಯದೇ ಜಾಲರಿ ಚೀಲಕ್ಕೆ ತುರುಕಿ ಸೈಕಲ್ಲಿನ ಹೊರಗೆ ಕಟ್ಟಿ. ತರಕಾರಿ ತರುವ ನೆಟ್ ಬ್ಯಾಗ್ ಸಾಕು. ಟೆಂಟ್ ಜೊತೆ ಬಂದ ಒಂದೇ ಚೀಲಕ್ಕೆ ಎರಡನ್ನೂ ತುಂಬುವ ಅಭ್ಯಾಸವಿದ್ದರೆ ಎರಡನೇ ರಾತ್ರಿ ಒದ್ದೆಯಲ್ಲೇ ಮಲಗಬೇಕು.

ಒಂಟಿ ಪದರದ ಟೆಂಟ್ 300–400 ಗ್ರಾಂ ಉಳಿಸುತ್ತದೆ ಎಂದು ಆಸೆ ಹುಟ್ಟುವುದು ಸಹಜ. ಇಲ್ಲಿಗೆ ಅದು ಬೇಡ. ಉಸಿರಿನ ತೇವ ತಣ್ಣನೆಯ ಬಟ್ಟೆಗೆ ತಾಗಿ ಹನಿಯಾಗುವುದನ್ನು ತಡೆಯಲು ಗಾಳಿಕಿಂಡಿ ಇದೆ ಎನ್ನುತ್ತಾರೆ. ಹೊರಗಿನ ಗಾಳಿಯೇ ಮಂಜಿನಿಂದ ತುಂಬಿರುವ ರಾತ್ರಿಯಲ್ಲಿ ಯಾವ ಕಿಂಡಿಯಿಂದ ಏನು ಪ್ರಯೋಜನ? ಎರಡು ಪದರವಿದ್ದರೆ ಹನಿ ಹೊದಿಕೆಯ ಒಳಮೈಯಲ್ಲೇ ಜಾರಿ ಕೆಳಗಿಳಿಯುತ್ತದೆ, ಮಲಗುಚೀಲಕ್ಕೆ ತಾಗುವುದಿಲ್ಲ. ಜಿಪ್ ಇರುವ ಜಾಲರಿ ಬಾಗಿಲು, ಸುತ್ತ ಒಂದು ಗೇಣು ಮೇಲೆದ್ದ ನೆಲದಂಚು, ಇವೆರಡೂ ಇದ್ದರೆ ಜಿಗಣೆಯೂ ಒಳಬರುವುದಿಲ್ಲ. ಜೂನಿನಿಂದ ಅಕ್ಟೋಬರ್‌ವರೆಗೆ ಅದೊಂದೇ ಕಾರಣ ಸಾಕು. ಅಡಿಭಾಗ ತೆರೆದಿರುವ ಬರಿ ಟಾರ್ಪಿನ ಕೆಳಗೆ ಮಲಗುವ ಸಾಹಸವನ್ನು ಬೇಸಿಗೆಗೆ ಇಟ್ಟುಕೊಳ್ಳಿ.

ಸೈಕಲ್ಲಿಗೆ ಕಟ್ಟುವ ವಿಷಯಕ್ಕೆ ಬಂದರೆ, ತೂಕಕ್ಕಿಂತ ಮೊದಲು ಅಳೆಯಬೇಕಾದದ್ದು ಮಡಚಿದ ಕಡ್ಡಿಯ ಉದ್ದ. ಸಾಮಾನ್ಯ ಟೆಂಟಿನ ಕಡ್ಡಿ ಮಡಚಿದಾಗ 45ರಿಂದ 50 ಸೆಂ.ಮೀ. ಬರುತ್ತದೆ. ಕೆಳಕ್ಕೆ ಬಾಗಿದ ಡ್ರಾಪ್ ಹ್ಯಾಂಡಲ್ 42 ಸೆಂ.ಮೀ. ಅಗಲದ್ದಾದರೆ, ಅದರ ಎರಡು ಕೊಂಬುಗಳ ನಡುವೆ ಬ್ರೇಕ್ ಲಿವರ್ ಕಳೆದು ಸಿಗುವುದು 36 ಸೆಂ.ಮೀ. ಆಚೀಚೆ. ಕಡ್ಡಿ ಅಲ್ಲಿ ಕೂರುವುದೇ ಇಲ್ಲ. ಕೂರಿಸಿದರೂ ಗೇರ್ ಬದಲಿಸಲು ಬೆರಳು ಆಡುವುದಿಲ್ಲ. ಬಿಗ್ ಆಗ್ನೆಸ್‌ನಂಥ ಕೆಲವು ಕಂಪನಿಗಳು ಸೈಕಲ್ಲಿಗೆಂದೇ 30 ಸೆಂ.ಮೀ. ತುಂಡುಗಳ ಕಡ್ಡಿ ಕೊಡುತ್ತವೆ. ಆ ಮಾದರಿಗೆ ಬೆಲೆ ಹೆಚ್ಚು. ಅಷ್ಟು ಕೊಡಲಾಗದವರು ಕಡ್ಡಿಯನ್ನು ಟೆಂಟಿನಿಂದ ಬೇರ್ಪಡಿಸಿ, ಹಳೆ ಬಟ್ಟೆಯ ಚೀಲದಲ್ಲಿ ಹಾಕಿ, ಫ್ರೇಮಿನ ಮೇಲಿನ ಕೊಳವೆಯ ಕೆಳಬದಿಗೆ ಎರಡು ವೆಲ್ಕ್ರೋ ಪಟ್ಟಿಯಲ್ಲಿ ಬಿಗಿಯಬಹುದು. ಮಂಡಿಗೆ ತಾಗುತ್ತದೆಯೇ ಎಂದು ಹತ್ತು ಸುತ್ತು ತುಳಿದು ನೋಡಿ. ಬಟ್ಟೆಯ ಭಾಗ ಮಾತ್ರ ಹ್ಯಾಂಡಲ್ಲಿಗೆ ಹೋಗಲಿ.

ಹ್ಯಾಂಡಲ್ಲಿಗೆ ಕಟ್ಟುವಾಗ ಮೂರು ಕಡೆ ಕಣ್ಣಿರಲಿ. ಚೀಲ ಬ್ರೇಕ್ ಕೇಬಲನ್ನು ಮಡಚಬಾರದು. ಮಡಚಿದರೆ ಬ್ರೇಕ್ ಬಿಗಿ ಹಿಡಿದು ಬಿಡುವಾಗ ತಡವಾಗುತ್ತದೆ. ಚೀಲದ ತಳಕ್ಕೂ ಟೈರಿಗೂ ನಡುವೆ ನಾಲ್ಕು ಬೆರಳು ಅಂತರ ಬೇಕು, ಶಾಕ್ ಇರುವ ಫೋರ್ಕಾದರೆ ಅದು ಪೂರ್ತಿ ಕುಸಿದ ಮೇಲೂ ಅಷ್ಟು ಉಳಿಯಬೇಕು. ಮೂರನೆಯದು ಹೆಡ್‌ಲೈಟ್. ಚೀಲ ಅದಕ್ಕೆ ಅಡ್ಡ ಬಂದರೆ ಮಂಜಿನಲ್ಲಿ ಎದುರಿನ ಬಸ್ಸಿನವರಿಗೆ ನೀವು ಕಾಣುವುದಿಲ್ಲ. ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ಘಾಟಿಯ ತಿರುವುಗಳಲ್ಲಿ ಹ್ಯಾಂಡಲ್ಲಿನ ಮೇಲೆ ಮೂರು ಕೆ.ಜಿ. ಇದ್ದರೆ ಸೈಕಲ್ ತಿರುಗುವುದೇ ನಿಧಾನ. ಎರಡರೊಳಗೆ ಇಟ್ಟುಕೊಳ್ಳಿ. ಹಿಂದೆ ಕ್ಯಾರಿಯರ್ ಇದ್ದವರಿಗೆ ಈ ತಾಪತ್ರಯ ಒಂದೂ ಇಲ್ಲ. 50 ಸೆಂ.ಮೀ. ಕಡ್ಡಿ ಪ್ಯಾನಿಯರುಗಳ (ಕ್ಯಾರಿಯರಿನ ಎರಡು ಬದಿಗೆ ತೂಗುವ ಚೀಲಗಳು) ನಡುವೆ ಉದ್ದಕ್ಕೆ ಮಲಗುತ್ತದೆ, ಹಳೆ ಟ್ಯೂಬು ಸೀಳಿದ ಪಟ್ಟಿಯಿಂದ ಬಿಗಿದರೆ ಅಲುಗುವುದಿಲ್ಲ. ಎಸೆದರೆ ತಾನೇ ಬಿಚ್ಚಿಕೊಳ್ಳುವ ತಟ್ಟೆಯಾಕಾರದ ಟೆಂಟ್ ಕಾರಿನವರ ಆಟಿಕೆ, ಸೈಕಲ್ಲಿಗೆ ಬೇಡವೇ ಬೇಡ. ಚಾರಣದ ಕೋಲಿನ ಮೇಲೆ ನಿಲ್ಲುವ ಟೆಂಟೂ ಹಾಗೆಯೇ: ಸೈಕಲ್ಲಿನವರ ಬಳಿ ಕೋಲು ಇರುವುದಿಲ್ಲ, ಬೇರೆ ಕೊಂಡರೆ ಉಳಿಸಿದ ತೂಕ ವಾಪಸ್ ಬರುತ್ತದೆ.

ಎಲ್ಲಿ ಹಾಕುತ್ತೀರಿ ಎಂಬುದರ ಮೇಲೆ ಟೆಂಟಿನ ಚೌಕಟ್ಟು ನಿರ್ಧಾರವಾಗಬೇಕು. ಪುಷ್ಪಗಿರಿ, ಬ್ರಹ್ಮಗಿರಿ, ತಲಕಾವೇರಿ ಅಭಯಾರಣ್ಯ, ನಾಗರಹೊಳೆ, ಇಲ್ಲೆಲ್ಲ ಮನಸ್ಸು ಬಂದಲ್ಲಿ ಟೆಂಟ್ ಹಾಕುವಂತಿಲ್ಲ. ದೇವರಕಾಡಿನೊಳಗಂತೂ ಕೇಳಲೂಬೇಡಿ. ಉಳಿಯುವುದು ಹೋಮ್‌ಸ್ಟೇ ಅಂಗಳ, ತೋಟ, ಗದ್ದೆ. ಮೂರಕ್ಕೂ ಯಜಮಾನರ ಒಪ್ಪಿಗೆ ಬೇಕು. ತೋಟದವರು ಹೆಚ್ಚಾಗಿ ತೋರಿಸುವುದು ಕಾಫಿ ಒಣಗಿಸುವ ಸಿಮೆಂಟ್ ಕಣ. ನೆಲ ಸಮತಟ್ಟು, ಜಿಗಣೆ ಕಡಿಮೆ, ಆದರೆ ಗೂಟ ಹೊಡೆಯಲಾಗದು. ಗೂಟವಿಲ್ಲದೆ ತನ್ನಷ್ಟಕ್ಕೆ ನಿಲ್ಲುವ ಟೆಂಟ್ ಬೇಕಾಗುವುದು ಇಲ್ಲೇ. ‘ಅರೆ ಸ್ವತಂತ್ರ’ ಮಾದರಿಗಳಲ್ಲಿ ಕಾಲಿನ ಕಡೆಯ ಎರಡು ಮೂಲೆಗಳಿಗೆ ಗೂಟ ಬೇಕೇ ಬೇಕು. ಕಣದಲ್ಲಾದರೆ ಆ ಮೂಲೆಗಳ ಕುಣಿಕೆಗೆ ಕಲ್ಲು ಅಥವಾ ತುಂಬಿದ ನೀರಿನ ಬಾಟಲಿ ಕಟ್ಟಬೇಕು. ಡಿಸೆಂಬರಿನಿಂದ ಮಾರ್ಚ್‌ವರೆಗೆ ಕಣದ ತುಂಬ ಕಾಫಿ ಹರಡಿರುವುದರಿಂದ ಆ ಜಾಗ ಸಿಗುವುದಿಲ್ಲ. ಆಗ ಸುಗ್ಗಿ ಹಬ್ಬ ಪುತ್ತರಿ ಕಳೆದು ಕೊಯ್ಲಾದ ಗದ್ದೆ ಇದೆ. ಆದರೆ ತಣ್ಣನೆಯ ಗಾಳಿ ತಗ್ಗಿಗೇ ಇಳಿದು ನಿಲ್ಲುತ್ತದೆ, ಇಬ್ಬನಿಯೂ ಅಲ್ಲೇ ಹೆಚ್ಚು. ಗದ್ದೆಯ ನಡುವೆ ಹಾಕುವ ಬದಲು ಬಾಣೆಯ (ಗದ್ದೆಗೆ ಹೊಂದಿಕೊಂಡ ಎತ್ತರದ ಜಾಗ) ಅಂಚಿಗೆ ಹತ್ತು ಅಡಿ ಮೇಲೆ ಹಾಕಿದರೆ ಬೆಳಗ್ಗೆ ಹೊದಿಕೆ ಕಡಿಮೆ ಒದ್ದೆ.

ತೋಟದೊಳಗಾದರೆ ತಲೆಯೆತ್ತಿ ನೋಡಿ. ನೆರಳಿಗೆ ಬೆಳೆಸುವ ಹಾಲುವಾಣ ಮರದ ಕೊಂಬೆ ಮೆದು, ಗಾಳಿಗೆ ಸುಲಭವಾಗಿ ಮುರಿಯುತ್ತದೆ. ಫೆಬ್ರವರಿ, ಮಾರ್ಚ್‌ನಲ್ಲಿ ರೊಬಸ್ಟಾ ಕಾಫಿಯ ಹೂ ಅರಳಿಸಲು ಸ್ಪ್ರಿಂಕ್ಲರ್ ಹಾಯಿಸುತ್ತಾರೆ. ಆ ರಾತ್ರಿ ಯಾವ ಭಾಗಕ್ಕೆ ನೀರು ಎಂದು ಮೊದಲೇ ಕೇಳಿಕೊಳ್ಳಿ, ಆ ಜೆಟ್ಟಿನ ಹೊಡೆತಕ್ಕೆ ಯಾವ ಮಿಲಿಮೀಟರೂ ನಿಲ್ಲುವುದಿಲ್ಲ. ಸಿದ್ದಾಪುರ, ಮಾಲ್ದಾರೆ, ತಿತಿಮತಿ ಕಡೆ ಹಲಸು ಹಣ್ಣಾಗುವ ಕಾಲದಲ್ಲಿ ತೋಟದೊಳಗೆ ಟೆಂಟ್ ಬೇಡ, ಮನೆಯ ಅಂಗಳದಲ್ಲೇ ಹಾಕಿ. ಹಣ್ಣಿಗೆ ಬರುವ ಆನೆಗೆ ಹಗುರ ಟೆಂಟೂ ಭಾರದ ಟೆಂಟೂ ಒಂದೇ. ಬಾಳೆಹಣ್ಣನ್ನು ಟೆಂಟಿನೊಳಗೆ ಇಡಲೇಬೇಡಿ.

ಗೂಟಗಳು: ಟೆಂಟ್ ಜೊತೆ ಬರುವ ತೆಳು ಕಂಬಿಯವು ಮಳೆಗಾಲದ ಮೆದು ಮಣ್ಣಿನಲ್ಲಿ ಹಿಡಿಯುವುದಿಲ್ಲ. ಮೂರು ಅಲಗಿನ, 18 ಸೆಂ.ಮೀ. ಅಲ್ಯೂಮಿನಿಯಂ ಗೂಟ ಆರು ಇರಲಿ. ಬೇಸಿಗೆಯಲ್ಲಿ ಕೆಂಪು ಮಣ್ಣು ಕಲ್ಲಾದಾಗ ಅವೇ ಬಾಗುತ್ತವೆ. ಆಗ ಹಾರ್ಡ್‌ವೇರ್ ಅಂಗಡಿಯ ಆರಿಂಚು ಮೊಳೆ ಎರಡು ಜೊತೆಗಿದ್ದರೆ ಗಾಳಿ ಬರುವ ಕಡೆಯ ಮೂಲೆಗಳಿಗೆ ಸಾಕು. ಒಂದೊಂದು ಮೂವತ್ತು ಗ್ರಾಂ ದಾಟುತ್ತದೆ, ಪರವಾಗಿಲ್ಲ. ನೆಲಹಾಸಿಗೆ ದಪ್ಪ ಪ್ಲಾಸ್ಟಿಕ್ ಹಾಳೆಯೇ ಆದೀತು, ಆದರೆ ಟೆಂಟಿನ ನೆಲಕ್ಕಿಂತ ಎಲ್ಲ ಕಡೆ ಎರಡು ಇಂಚು ಚಿಕ್ಕದಾಗಿ ಕತ್ತರಿಸಿ. ಹೊರಗೆ ಚಾಚಿದ ಹಾಳೆ ಹೊದಿಕೆಯಿಂದ ಇಳಿದ ನೀರನ್ನೆಲ್ಲ ಹಿಡಿದು ನಿಮ್ಮ ಬೆನ್ನಿನ ಕೆಳಗೆ ತರುತ್ತದೆ.

ಅಳತೆ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಬ್ಬರೇ ಹೋಗುವುದಾದರೂ ಮಳೆಗಾಲಕ್ಕೆ ಇಬ್ಬರ ಟೆಂಟೇ ಸರಿ, 125 ಸೆಂ.ಮೀ. ಅಗಲ. ಒದ್ದೆ ಪ್ಯಾನಿಯರ್‌ಗೆ ಜಾಗ ಬೇಕಲ್ಲ. ಬಾಗಿಲ ಮುಂದಿನ ಮರೆ ಎರಡು ಚೀಲ ಹಿಡಿಯುವಷ್ಟಿದ್ದರೆ ಒಬ್ಬರದೂ ನಡೆಯುತ್ತದೆ. ಕಡ್ಡಿ ಅಲ್ಯೂಮಿನಿಯಂ ಇರಲಿ. ಫೈಬರ್‌ಗ್ಲಾಸ್ ಕಡ್ಡಿ ಭಾರ, ಸೀಳಿದರೆ ದಾರಿಯಲ್ಲಿ ಜೋಡಿಸಲು ಕಷ್ಟ.

ಸಿಲಿಕೋನ್ ಲೇಪನದ ಬಟ್ಟೆಗೆ ಹೊಲಿಗೆಯ ಮೇಲೆ ಟೇಪ್ ಅಂಟುವುದಿಲ್ಲ, ಆದ್ದರಿಂದ ಎಷ್ಟೋ ಟೆಂಟುಗಳ ಹೊಲಿಗೆ ಮುಚ್ಚದೆಯೇ ಬರುತ್ತದೆ. ಒಳಬದಿಯ ಹೊಲಿಗೆಯ ಮೇಲೆ ಹೊಳೆಯುವ ಪಟ್ಟಿ ಕಾಣದಿದ್ದರೆ ನೀವೇ ಮುಚ್ಚಬೇಕು. ಪಾರದರ್ಶಕ ಸಿಲಿಕೋನ್ ಸೀಲಂಟ್ ಒಂದು ಪಾಲು, ಮಿನರಲ್ ಟರ್ಪೆಂಟೈನ್ ಎರಡು ಪಾಲು, ಹಳೆ ಗಾಜಿನ ಬಾಟಲಿಯಲ್ಲಿ ಜೇನಿನ ಹದಕ್ಕೆ ಬರುವವರೆಗೆ ಕದಡಿ. ಹೊದಿಕೆಯನ್ನು ಬಿಗಿಯಾಗಿ ನಿಲ್ಲಿಸಿ, ಹೊರಬದಿಯ ಹೊಲಿಗೆಯ ಮೇಲೆ ಅರ್ಧ ಇಂಚಿನ ಬ್ರಷ್‌ನಿಂದ ತೆಳುವಾಗಿ ಹಚ್ಚಿ. ಹಗ್ಗದ ಕುಣಿಕೆ ಹೊಲಿದಿರುವ ಜಾಗಗಳಿಗೆ ಎರಡು ಸಲ, ಸೋರುವುದು ಹೆಚ್ಚಾಗಿ ಅಲ್ಲೇ. ಹರಿದ ಹನಿಗಳನ್ನು ಕೂಡಲೇ ಬಟ್ಟೆಯಿಂದ ಒರೆಸಿ. ಒಂದು ದಿನ ಒಣಗಲು ಬಿಟ್ಟು, ಅಂಟದಂತೆ ಮುಖಕ್ಕೆ ಹಚ್ಚುವ ಪೌಡರ್ ಉದುರಿಸಿ ಮಡಚಿ. ಪಾಲಿಯುರೆಥೇನ್ ಬಟ್ಟೆಗೆ ಈ ಮಿಶ್ರಣ ಹಿಡಿಯುವುದಿಲ್ಲ, ಅದಕ್ಕೆ ಅದರದೇ ಅಂಟು ಬೇಕು. ಮೊದಲ ಪ್ರವಾಸಕ್ಕೆ ಮುಂಚೆ ಅಂಗಳದಲ್ಲಿ ನಿಲ್ಲಿಸಿ, ತೋಟದ ಪೈಪಿನಿಂದ ಹತ್ತು ನಿಮಿಷ ಮೇಲಿನಿಂದ ನೀರು ಬಿಟ್ಟು, ಒಳಗೆ ಟಾರ್ಚ್ ಹಿಡಿದು ಹೊಲಿಗೆಗಳನ್ನು ನೋಡಿ.

ರಿಪೇರಿಗೆ ಇಷ್ಟು ಜೊತೆಗಿರಲಿ: ಮುರಿದ ಕಡ್ಡಿಯ ಮೇಲೆ ತೂರಿಸುವ 10 ಸೆಂ.ಮೀ. ಅಲ್ಯೂಮಿನಿಯಂ ಕೊಳವೆ, ಅದನ್ನು ಕದಲದಂತೆ ಹಿಡಿಯಲು ಸೈಕಲ್ ಪಂಪಿಗೇ ಸುತ್ತಿಟ್ಟ ಒಂದು ಮಾರು ಡಕ್ಟ್ ಟೇಪ್, ಎರಡು ಮಾರು ತೆಳು ಹಗ್ಗ. ಜಿಪ್ ಹಲ್ಲು ಕಚ್ಚದೆ ಹಿಂದೆಯೇ ಬಿಚ್ಚಿಕೊಳ್ಳುತ್ತಿದ್ದರೆ ತಪ್ಪು ಹಲ್ಲಿನದಲ್ಲ, ಸವೆದ ಸ್ಲೈಡರಿನದು. ಸೈಕಲ್ ಟೂಲ್ ಜೊತೆಗಿರುವ ಇಕ್ಕಳದಿಂದ ಅದರ ಎರಡೂ ಬದಿಯನ್ನು ತುಸು ಅಮುಕಿದರೆ ಮತ್ತೆ ಕಚ್ಚುತ್ತದೆ. ಜೋರಾಗಿ ಅಮುಕಿದರೆ ಸ್ಲೈಡರ್ ಸೀಳುತ್ತದೆ, ಆಗ ಪಿನ್ನೇ ಗತಿ.