ಉಳಿದಿದ್ದು ಎಲ್ಲಿಗೆ ಹೋಯ್ತು, ಹೇಳ್ರಪ್ಪಾ

ನಮಗೆ ಜೀವಶಾಸ್ತ್ರ ಕಲಿಸಿದ ಮೇಷ್ಟ್ರು ಆಹಾರ ಸರಪಳಿಯ ಪಾಠಕ್ಕೆ ಪುಸ್ತಕದ ಜಿಂಕೆ, ಹುಲಿಯ ಚಿತ್ರ ತೆಗೆಯಲೇ ಇಲ್ಲ. ಚಿತ್ರದುರ್ಗದ ಮಕ್ಕಳಿಗೆ ಪಕ್ಕದಲ್ಲೇ ಜೋಗಿಮಟ್ಟಿ ಕಾಡು ಇರುವಾಗ ಹುಲಿ ಯಾಕೆ ಅನ್ನೋರು. ಬೋರ್ಡಿನ ಮೇಲೆ ಹುಲ್ಲು, ಮಿಡತೆ, ಓತಿಕ್ಯಾತ, ಹದ್ದು ಅಂತ ಬರೆದರು. ಹುಲ್ಲಿನಲ್ಲಿ 10,000 ಜೂಲ್ ಶಕ್ತಿ ಇದ್ದರೆ ಮಿಡತೆಗೆ 1,000, ಓತಿಕ್ಯಾತಕ್ಕೆ 100, ಹದ್ದಿಗೆ ಬರೀ 10. ಆಮೇಲೆ ನಮ್ಮ ಕಡೆ ತಿರುಗಿ, "ಉಳಿದಿದ್ದು ಎಲ್ಲಿಗೆ ಹೋಯ್ತು, ಹೇಳ್ರಪ್ಪಾ" ಅಂದರು.

ನಾವೆಲ್ಲ ಶೇಂಗಾ ಬೆಳೆಯುವವರ ಮನೆಯ ಮಕ್ಕಳು, ಹೊಲದ ಮಿಡತೆ ಚೆನ್ನಾಗಿ ಗೊತ್ತು. ನಮ್ಮ ಬಾಯಿಂದಲೇ ಉತ್ತರ ಹೊರಡಿಸಿದರು. ಮಿಡತೆ ಬೇರು ತಿನ್ನುವುದಿಲ್ಲ. ತಿಂದದ್ದರಲ್ಲೂ ಒಂದಷ್ಟು ಅರಗದೆ ಹಿಕ್ಕೆಯಾಗುತ್ತದೆ. ಅರಗಿದ್ದರಲ್ಲಿ ಜಾಸ್ತಿ ಪಾಲು ಉಸಿರಾಡಲು, ಹಾರಲು ಖರ್ಚಾಗಿ ಬಿಸಿಯಾಗಿ ಹೊರಗೆ ಹೋಗುತ್ತದೆ. ಮೈಯಾಗಿ ಉಳಿದದ್ದಷ್ಟೇ ಓತಿಕ್ಯಾತಕ್ಕೆ. ಗೊಬ್ಬರದ ಸಾರ ಮತ್ತೆ ಗಿಡಕ್ಕೆ ಸೇರುತ್ತದೆ, ಆದರೆ ಬಿಸಿಯಾಗಿ ಹೋದ ಶಕ್ತಿಯನ್ನು ಯಾವ ಗಿಡವೂ ಹಿಡಿಯಲಾರದು, ಅದಕ್ಕೇ ಸೂರ್ಯ ದಿನಾ ಹೊಸದಾಗಿ ಕೊಡುತ್ತಲೇ ಇರಬೇಕು.

ಈ ಲೆಕ್ಕದ ಹಿಂದೆ ರೇಮಂಡ್ ಲಿಂಡೆಮನ್ ಎಂಬ ಹುಡುಗ ಇದ್ದ ಅಂತ ಗೊತ್ತಾದದ್ದು ನಾನು ಕಾಲೇಜಿಗೆ ಹೋದಮೇಲೆ. ಅಮೆರಿಕದ ಮಿನ್ನೆಸೋಟದ ಒಂದು ಪುಟ್ಟ ಕೆರೆಯಲ್ಲಿ ವರ್ಷಗಟ್ಟಲೆ ಕೆಲಸ ಮಾಡಿ, 1942ರಲ್ಲಿ ಈ ಲೆಕ್ಕದ ಬಗ್ಗೆ ಬರೆದ ಪ್ರಬಂಧ ಅಚ್ಚಾಗುವ ಮೊದಲೇ, ಮೂವತ್ತು ತುಂಬುವ ಮುಂಚೆಯೇ ತೀರಿಕೊಂಡರು. ಓದಿದಾಗ ಬಹಳ ಸಂಕಟವಾಯಿತು. ಅವರ ಕೆರೆಯಲ್ಲೂ ಎಲ್ಲ ಹಂತದಲ್ಲಿ ಸರಿಯಾಗಿ ಹತ್ತನೇ ಒಂದು ಪಾಲೇ ದಾಟಿರಲಿಲ್ಲ. ಹತ್ತು ಅನ್ನುವುದು ಒಂದು ಅಂದಾಜು. ಮೈ ಬಿಸಿ ಕಾಯ್ದುಕೊಳ್ಳಬೇಕಾದ ಹಕ್ಕಿ, ಪ್ರಾಣಿಗಳಲ್ಲಿ ಮೈಯಾಗಿ ಉಳಿಯುವುದು ಅದಕ್ಕಿಂತ ಎಷ್ಟೋ ಕಡಿಮೆ, ಹುಳುಗಳಲ್ಲಿ ಜಾಸ್ತಿ.

ನನಗೆ ತುಂಬಾ ಇಷ್ಟವಾದದ್ದು ಮಾತ್ರ ಕರಡಿಯ ಲೆಕ್ಕ. ಜೋಗಿಮಟ್ಟಿ ದಾರಿಯಲ್ಲಿ ಮೇಷ್ಟ್ರು ಕರಡಿ ಅಗೆದಿದ್ದ ಹುತ್ತ ತೋರಿಸಿದರು. "ಸಾರ್, ಚಿರತೆ ಯಾಕೆ ಕಮ್ಮಿ ಅಂತ ಗೊತ್ತಾಯ್ತು. ಅಷ್ಟು ದೊಡ್ಡ ಕರಡಿಗೆ ಗೆದ್ದಲು ಹೆಂಗೆ ಸಾಲುತ್ತೆ?" ಅಂತ ಗೆಳೆಯನೊಬ್ಬ ಕೇಳಿದ. ಅವರಿಗೆ ಎಷ್ಟು ಖುಷಿಯಾಯಿತು ಅಂದರೆ ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟರು. ಯಾರೂ ತಿನ್ನದೆ ಬಿಟ್ಟ ಎಲೆ, ಸತ್ತ ಮರ ಎಲ್ಲ ಆ "ಉಳಿದಿದ್ದರ" ಲೆಕ್ಕದಲ್ಲೇ ಇತ್ತಲ್ವಾ? ಅದನ್ನು ಗೆದ್ದಲು ತಿನ್ನುತ್ತದೆ, ಗೆದ್ದಲನ್ನು ನೇರವಾಗಿ ಕರಡಿ ತಿನ್ನುತ್ತದೆ. ಮಧ್ಯೆ ಒಂದೇ ಮೆಟ್ಟಿಲು. ಬಾರೆಹಣ್ಣು ತಿಂದರೆ ಅದೂ ಇಲ್ಲ. ಮಿಡತೆ, ಕಪ್ಪೆ, ಹಾವು ದಾಟಿ ಬಂದದ್ದನ್ನು ತಿನ್ನುವ ಹದ್ದಿಗೆ ಹಾಗಲ್ಲ, ಅದರ ಹೊಟ್ಟೆ ತುಂಬಲು ಎಷ್ಟೋ ದೊಡ್ಡ ಬಯಲು ಬೇಕು.

ಬೇಸಿಗೆಯಲ್ಲಿ ಗುಡ್ಡಕ್ಕೆ ಬೆಂಕಿ ಬಿತ್ತು ಅಂತ ಕೇಳಿದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಆ ಹುತ್ತ. ಸುಟ್ಟಿದ್ದು ಬರೀ ಒಣ ಎಲೆ ಅಂತ ಜನ ಸುಮ್ನೆ ಹೇಳಿಬಿಡುತ್ತಾರೆ. ಗೆದ್ದಲಿಗೆ, ಕರಡಿಗೆ ಸೇರಬೇಕಾದ ವರ್ಷದ ಪಾಲು ಯಾರ ಹೊಟ್ಟೆಗೂ ಹೋಗದೆ ಒಂದು ಮಧ್ಯಾಹ್ನದಲ್ಲಿ ಬಿಸಿಯಾಗಿ ಹೋಗಿರುತ್ತದೆ.