ಕಷ್ಟ ಕೊಟ್ಟವನೂ ದೇವರೇನಾ?

“ಇಷ್ಟು ಪ್ರಾರ್ಥನೆ ಮಾಡ್ತೀರಿ, ಭಾನುವಾರ ತಪ್ಪದೆ ಚರ್ಚಿಗೆ ಹೋಗ್ತೀರಿ. ಆದ್ರೂ ನಿಮ್ಮ ಸ್ವಾಮಿ ಯಾಕೆ ಕಾಪಾಡಲಿಲ್ಲ? ಕಷ್ಟದಲ್ಲೂ ಒಂದು ಉದ್ದೇಶ ಇರುತ್ತೆ ಅಂತೀರಲ್ಲ, ಏನದು?”

ನಮ್ಮ ಚರ್ಚಿನ ಸಭೆಯ ಪರವಾಗಿ ಆಸ್ಪತ್ರೆ ವಾರ್ಡುಗಳಿಗೆ ಹೋಗಿ ರೋಗಿಗಳ ಜೊತೆ ಕೂರುವ ನನಗೆ ಈ ಪ್ರಶ್ನೆ ಹೊಸದಲ್ಲ. ಅಕ್ಕಪಕ್ಕದ ಮನೆಯವರು ನೇರವಾಗಿ ಕೇಳುತ್ತಾರೆ. ನಮ್ಮ ಸಭೆಯವರು ಪಾದ್ರಿ ಅಯ್ಯನವರ ಕಿವಿಗೆ ಬೀಳದ ಹಾಗೆ ಕೇಳುತ್ತಾರೆ.

ಮೊದಲು ನಮ್ಮವರ ಮೇಲೇ ನನ್ನದೊಂದು ದೂರಿದೆ. ಡಯಾಲಿಸಿಸ್ ಮುಗಿಸಿ ಸುಸ್ತಾಗಿ ಮಲಗಿದ್ದ ಒಬ್ಬ ಅಮ್ಮನ ತಲೆದೆಸೆಯಲ್ಲಿ ನಿಂತು, “ಎಲ್ಲ ದೇವರ ಚಿತ್ತ, ಒಳ್ಳೇದಕ್ಕೇ ಆಗಿರುತ್ತೆ” ಅಂದವರನ್ನು ನೋಡಿದ್ದೇನೆ. ಆಕೆ ಮಾತಾಡಲಿಲ್ಲ, ಗೋಡೆ ಕಡೆ ಮಗ್ಗುಲು ಬದಲಿಸಿದರು. ನಮ್ಮ ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ, ತಪ್ಪಿಲ್ಲದೆಯೂ ಆಸ್ತಿ, ಮಕ್ಕಳು, ಆರೋಗ್ಯ ಎಲ್ಲ ಕಳೆದುಕೊಂಡ ಯೋಬನ ಕಥೆಯಿದೆ. ಅವನ ಮೂವರು ಸ್ನೇಹಿತರೂ ಹೀಗೇ. ಏಳು ದಿನ ಏಳು ರಾತ್ರಿ ಅವನ ಪಕ್ಕ ನೆಲದ ಮೇಲೆ ಸುಮ್ಮನೆ ಕೂತಿದ್ದಷ್ಟು ಹೊತ್ತು ಅವರದು ಸರಿಯಿತ್ತು. ಬಾಯಿ ಬಿಟ್ಟು ಕಾರಣ ಹೇಳಲು ಶುರುಮಾಡಿದ್ದೇ ಕೆಟ್ಟಿತು. ಕೊನೆಗೆ ದೇವರು ಸಿಟ್ಟಾಗುವುದು ದೇವರನ್ನೇ ಪ್ರಶ್ನಿಸಿದ ಯೋಬನ ಮೇಲಲ್ಲ, ದೇವರ ಪರ ವಕೀಲಿಕೆ ಮಾಡಿದ ಈ ಮೂವರ ಮೇಲೆ.

ಹುಟ್ಟುಕುರುಡನನ್ನು ತೋರಿಸಿ “ಇವನು ಕುರುಡನಾಗಿ ಹುಟ್ಟಿದ್ದು ಯಾರ ಪಾಪದಿಂದ, ಇವನದೋ ತಂದೆತಾಯಿಯದೋ?” ಎಂದು ಶಿಷ್ಯರು ಕೇಳುವುದು ಯೋಹಾನನ ಸುವಾರ್ತೆಯ 9ನೇ ಅಧ್ಯಾಯದಲ್ಲಿದೆ. ಯಾರದೂ ಅಲ್ಲ ಅಂದರು ಯೇಸು ಸ್ವಾಮಿ. ಹಾಗಂದು ಸುಮ್ಮನಾಗದೆ ಮಣ್ಣು ಕಲಸಿ ಅವನ ಕಣ್ಣಿಗೆ ಹಚ್ಚಿ ದೃಷ್ಟಿ ಕೊಟ್ಟರು. ನನ್ನ ಉತ್ತರವೂ ಅಲ್ಲೇ ಇದೆ. ಕಷ್ಟ ಎಲ್ಲಿಂದ ಬಂತು ಎಂದು ಕೆದಕಿದರೆ ನನಗೆ ಉದ್ದೇಶ ಸಿಗುವುದಿಲ್ಲ. ಬಂದ ಮೇಲೆ ದೇವರ ಕೈ ಹಿಡಿದು ಅದರೊಳಗೆ ಏನು ಮಾಡುತ್ತೇವೋ, ಉದ್ದೇಶ ಹುಟ್ಟುವುದು ಅಲ್ಲಿ. ಅದನ್ನು ಹೇಳುವ ಹಕ್ಕಿರುವುದೂ ನೋವು ಉಂಡವರಿಗೆ ಮಾತ್ರ.

ತಮಿಳುನಾಡಿನ ವೆಲ್ಲೂರಿನ ಸಿಎಂಸಿ (ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು) ಆಸ್ಪತ್ರೆ ನಮ್ಮ ಕಡೆಯವರಿಗೂ ಗೊತ್ತು, ಫೈಲು ಹಿಡಿದು ಹೋಗಿಬಂದವರು ಬೇಕಾದಷ್ಟಿದ್ದಾರೆ. ಅಲ್ಲಿ ಮೇರಿ ವರ್ಗೀಸ್ ಎಂಬ ಯುವ ವೈದ್ಯೆ ಇದ್ದರು. 1954ರಲ್ಲಿ ವಾಹನ ಅಪಘಾತವಾಗಿ ಬೆನ್ನುಹುರಿಗೆ ಪೆಟ್ಟಾಯಿತು, ಸೊಂಟದ ಕೆಳಗೆ ಸ್ವಾಧೀನ ಹೋಯಿತು. ಅದೇ ಆಸ್ಪತ್ರೆಯಲ್ಲಿ ಡಾಕ್ಟರ್ ಪಾಲ್ ಬ್ರಾಂಡ್ ಕುಷ್ಠರೋಗಿಗಳ ಕೈ ಸರಿಪಡಿಸುವ ಶಸ್ತ್ರಚಿಕಿತ್ಸೆ ಮಾಡುತ್ತಿದ್ದರು. ರೋಗದಿಂದ ಮಡಚಿಹೋದ ಆ ಬೆರಳುಗಳಲ್ಲಿ ಅನ್ನ ಕಲಸಿ ತುತ್ತು ಕಟ್ಟಲೂ ಆಗದು. ಕೈಯ ಆಪರೇಷನ್ನನ್ನು ಕೂತೇ ಮಾಡಬಹುದಲ್ಲ? ಮೇರಿ ಗಾಲಿಕುರ್ಚಿಯಲ್ಲಿ ಕೂತು ಆ ಕೆಲಸ ಕಲಿತರು. ಮುಂದೆ ವಿದೇಶದಲ್ಲಿ ತರಬೇತಿ ಪಡೆದು ಬಂದು, ತಮ್ಮಂತೆ ನಡೆಯಲಾಗದವರ ಚಿಕಿತ್ಸೆಗೇ ನಿಂತರು. ವೆಲ್ಲೂರಿನ ಪುನರ್ವಸತಿ ಕೇಂದ್ರ 1966ರಲ್ಲಿ ಶುರುವಾದದ್ದು ಅವರ ದುಡಿಮೆಯಿಂದ. 1972ರಲ್ಲಿ ಪದ್ಮಶ್ರೀ ಬಂತು.

ಇದಕ್ಕಾಗಿಯೇ ದೇವರು ಆ ಗಾಡಿ ಉರುಳಿಸಿದ ಅಂದರೆ ನಾನು ಒಪ್ಪುವುದಿಲ್ಲ. ರಸ್ತೆಯಲ್ಲಿ ಗಾಡಿಗಳು ಉರುಳುವ ಹಾಗೆ ಅದೂ ಉರುಳಿತು. ಆದರೆ ಹಾಸಿಗೆ ಹಿಡಿದವರ ಮುಂದೆ ಆಕೆ ಕುರ್ಚಿ ತಳ್ಳಿಕೊಂಡು ಬಂದಾಗ ಆಗುತ್ತಿದ್ದ ಧೈರ್ಯ, ನಡೆದು ಬರುವ ನನ್ನಂಥವನಿಂದ ಆಗುವಂಥದ್ದಲ್ಲ. ನಾವು ದೇವರಿಂದ ಪಡೆದ ಆದರಣೆಯಿಂದಲೇ ಬೇರೆಯವರನ್ನು ಸಂತೈಸಬಲ್ಲೆವು ಎಂದು ಅಪೊಸ್ತಲ ಪೌಲನು ಕೊರಿಂಥದ ಸಭೆಯವರಿಗೆ ಬರೆದನಲ್ಲ, ಅದು ಹೀಗೆ. ಅದೇ ಪೌಲ ತನ್ನ ಶರೀರದ ಶೂಲ, ಅಂದರೆ ಬಿಡದೆ ಕಾಡುವ ಬಾಧೆ, ತೆಗೆದುಹಾಕು ಎಂದು ಮೂರು ಸಲ ಬೇಡಿಕೊಂಡಿದ್ದ. ಶೂಲ ಹೋಗಲಿಲ್ಲ. “ನನ್ನ ಕೃಪೆಯೇ ನಿನಗೆ ಸಾಕು” ಎಂಬ ಮಾತು ಸಿಕ್ಕಿತು.

ಹಾಗಂತ ನೋವನ್ನು ನಗುತ್ತ ನುಂಗಬೇಕೆಂದು ಯಾರೂ ಹೇಳಿಲ್ಲ. ಶುಭ ಶುಕ್ರವಾರ ಮಧ್ಯಾಹ್ನ ಯೇಸು ಸ್ವಾಮಿ ಶಿಲುಬೆಯ ಮೇಲೆ ಆಡಿದ ಏಳು ಮಾತುಗಳನ್ನು ಧ್ಯಾನಿಸುತ್ತೇವೆ. ನಾಲ್ಕನೆಯದು “ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟಿದ್ದೀ?” ನೀವು ನನ್ನನ್ನು ಕೇಳುವ ಪ್ರಶ್ನೆಯೇ ಅದು, ಸ್ವಾಮಿಯ ಬಾಯಲ್ಲಿ.

ಎಲ್ಲ ಕಷ್ಟವೂ ಮೇರಿಯವರದರ ಹಾಗೆ ಫಲ ಕೊಡುತ್ತದೆ ಎಂಬ ಭರವಸೆ ನಾನು ಕೊಡಲಾರೆ. ಯೋಬನಿಗೆ ಕೊನೆಯಲ್ಲಿ ಮತ್ತೆ ಏಳು ಗಂಡು, ಮೂರು ಹೆಣ್ಣುಮಕ್ಕಳಾದರು. ಮೊದಲು ಸತ್ತ ಹತ್ತು ಮಕ್ಕಳು ಮಾತ್ರ ತಿರುಗಿ ಬರಲಿಲ್ಲ. ಮಗುವನ್ನು ಕಳೆದುಕೊಂಡವರ ಮನೆಯಲ್ಲಿ ನಾನು ಆ ಕೊನೆಯ ಅಧ್ಯಾಯ ಓದುವುದಿಲ್ಲ. ಓದಿ ಅಂತ ಅವರೇ ಕೇಳಿದರೆ 3ನೆಯದನ್ನು ಓದುತ್ತೇನೆ, ಯೋಬ ತಾನು ಹುಟ್ಟಿದ ದಿನವನ್ನೇ ಶಪಿಸುವ ಅಧ್ಯಾಯ.